ನಮ್ಮೂರಿಗೂ ಎ.ಐ. ಬಂತು!

ಎರಡೇ ಎರಡು ಅಕ್ಷರ ಒಂದು ಊರಿನ ಜೀವ ಹಿಂಡಬಲ್ಲವು ಎಂದರೆ ಬೇರೆ ಕಡೆಯ ಜನ ನಕ್ಕಾರು. ಓರಿಗೋಲ್‌ನಲ್ಲಿ ಮಾತ್ರ ಈಗ ಯಾರೂ ನಗುವುದಿಲ್ಲ.

ಓರಿಗೋಲ್ ಎಂದರೆ ಬಾತುಕೋಳಿಗಳ ಕಣಿವೆ. ಊರಿನಲ್ಲಿ ಮನುಷ್ಯರೂ ಇದ್ದಾರೆ, ಆದರೆ ಅವರು ಅಲ್ಪಸಂಖ್ಯಾತರು. ಪ್ರತಿ ಚಳಿಗಾಲ ಉತ್ತರದ ಕಾಡುಹಕ್ಕಿಗಳು ಬಂದು ಇಲ್ಲಿನ ಕೆರೆಗೆ ಇಳಿದ ಕೂಡಲೇ ಜಿಲ್ಲಾ ಕಚೇರಿಯವರು ಊರ ಬಾಯಿಯ ಮೂರುದಾರಿಯಲ್ಲಿ ಕೆಂಪಕ್ಷರದ ಬ್ಯಾನರ್ ಕಟ್ಟುತ್ತಾರೆ: ‘ಎ.ಐ. ಬಗ್ಗೆ ಎಚ್ಚರ!’ ಎ.ಐ. ಎಂದರೆ ಹಕ್ಕಿಜ್ವರ. ಅದರ ಇಂಗ್ಲಿಷ್ ಹೆಸರು ಗಂಟಲಲ್ಲಿ ಸಿಕ್ಕಿಕೊಳ್ಳುವಷ್ಟು ಉದ್ದವಿರುವುದರಿಂದ ಅದರ ಎರಡು ಪದಗಳ ಮೊದಲಕ್ಷರ ಮಾತ್ರ ಉಳಿದುಕೊಂಡಿವೆ. ಮಿಕ್ಕ ಇಪ್ಪತ್ತನಾಲ್ಕು ಅಕ್ಷರ ಗೊತ್ತಿಲ್ಲದ ಅಜ್ಜಿಯರಿಗೂ ಈ ಎರಡು ಗೊತ್ತು. ಅವನ್ನು ಕೇಳಿದರೆ ಕೈಯಲ್ಲಿದ್ದ ಬಟ್ಟಲು ಕೆಳಗಿಡುತ್ತಾರೆ.

ಅದೇ ಎರಡು ಅಕ್ಷರಗಳಿಗೆ ಲೋಕದಲ್ಲಿ ಇನ್ನೊಂದು ಅರ್ಥ ಹುಟ್ಟಿಕೊಂಡಿದೆ, ಕಂಪ್ಯೂಟರಿಗೆ ಬುದ್ಧಿ ಬಂದಿದೆ ಎಂಬುದು ಊರಿನಲ್ಲಿ ಚೆನ್ನಾಗಿ ಗೊತ್ತಿದ್ದವರು ಮೆಂಗ್ ದೊಕ್ಸು ಮೇಷ್ಟರು ಒಬ್ಬರೇ. ಎಷ್ಟು ಚೆನ್ನಾಗಿ ಎಂದರೆ, ಹಳೆಯ ಅರ್ಥ ಅವರಿಗೆ ಮರೆತೇ ಹೋಗಿತ್ತು.

ಮೆಂಗ್ ಮೇಷ್ಟರದು ‘ನಾಳೆ ಕಂಪ್ಯೂಟರ್ ಶಾಲೆ’. ಯೊನ್ಸಿಲ್ ಎಂಬಾಕೆ ಹೆಂಗಸರ ಕೂದಲು ಗುಂಗುರು ಮಾಡುವ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಒಂದು ಕಾಲಕ್ಕೆ ಅಲ್ಲಿ ಟೈಪಿಂಗ್ ಕಲಿಯಲು ಮಕ್ಕಳು ಮೆಟ್ಟಿಲ ಮೇಲೆ ಸಾಲು ನಿಲ್ಲುತ್ತಿದ್ದರಂತೆ. ಈಗಿನ ಮಕ್ಕಳು ತೊಟ್ಟಿಲಲ್ಲೇ ಹೆಬ್ಬೆರಳಲ್ಲಿ ಟೈಪ್ ಮಾಡುತ್ತವೆ. ಶಾಲೆಯಲ್ಲಿ ಉಳಿದಿರುವುದು ನಾಲ್ಕು ಮಕ್ಕಳು. ಅವರಲ್ಲಿ ಇಬ್ಬರು ಬರುವುದು ಅಮ್ಮಂದಿರ ತಲೆ ಕೆಳಗಡೆ ಗುಂಗುರಾಗುವವರೆಗೆ ಮಾತ್ರ.

ಹೀಗಿರುವಾಗ ಜಿಲ್ಲೆಯ ಸಾಂಸ್ಕೃತಿಕ ಭವನದಲ್ಲಿ ಮೂರು ಗಂಟೆಗಳ ಉಚಿತ ತರಬೇತಿ ನಡೆಯಿತು. ಮೇಷ್ಟರು ಹೋದರು. ಮೊದಲ ಗಂಟೆ ನಿದ್ದೆ ಮಾಡಿದರು, ಎರಡನೆಯದರಲ್ಲಿ ಊಟದ ಡಬ್ಬಿ ಬಿಚ್ಚಿದರು, ಮೂರನೆಯದರಲ್ಲಿ ಕೈಕುಲುಕಿಸಿಕೊಂಡು ಚಿನ್ನದ ಅಂಚಿನ ಪ್ರಮಾಣಪತ್ರ ಹಿಡಿದು ಬಂದರು: ‘ಎ.ಐ. ನಾಗರಿಕ ಬೋಧಕ’. ಹೋಗುವಾಗ ಮನುಷ್ಯರಾಗಿದ್ದರು, ಬರುವಾಗ ಬೋಧಕರು. ಅಂದಿನಿಂದ ಹೆಂಡತಿ ಗುಮ್ಜು ಸಾರಿಗೆ ಉಪ್ಪು ಸಾಕಾ ಎಂದು ಕೇಳಿದರೂ, “ಮಾಹಿತಿ ಸಾಲದು” ಎನ್ನುತ್ತಿದ್ದರು.

ಬೋಧಕರಾದ ಮೇಲೆ ಬ್ಯಾನರ್ ಬೇಡವೇ? ನಮ್ಮ ಕಡೆ ಮಗ ಪಾಸಾದರೂ ಬ್ಯಾನರ್, ಮೊಮ್ಮಗ ಹುಟ್ಟಿದರೂ ಬ್ಯಾನರ್. ಮೇಷ್ಟರು ಉದ್ದದ ಒಕ್ಕಣೆ ಬರೆದುಕೊಂಡು ಹೋದರು. ಬ್ಯಾನರ್ ಅಂಗಡಿಯವನು ಅದನ್ನು ನೋಡಿ ಲೊಚಗುಟ್ಟಿದ.

“ಮೇಷ್ಟ್ರೇ, ಇಷ್ಟೆಲ್ಲ ಹಾಕಿದ್ರೆ ಅಕ್ಷರ ಇರುವೆ ಸಾಲು ಆಗತ್ತೆ. ‘ಕೃತಕ ಬುದ್ಧಿಮತ್ತೆ’ ತೆಗೀರಿ, ಎ.ಐ. ಸಾಕು. ಬಾತುಕೋಳಿ ಗಾತ್ರ ಬರಸ್ತೀನಿ. ‘ನಾಳೆ ಕಂಪ್ಯೂಟರ್ ಶಾಲೆ’ನೂ ಬಿಡಿ, ಅದು ಎಲ್ರಿಗೂ ಗೊತ್ತಲ್ಲ.”

“ನನ್ನ ಹೆಸರು?”

“ಅದಿರ್ಲಿ. ಮರ್ಯಾದೆ ಪ್ರಶ್ನೆ.”

ಹೀಗೆ ಬ್ಯಾನರ್ ಸಿದ್ಧವಾಯಿತು. ಮೇಲೆ ಬಾತುಕೋಳಿ ಗಾತ್ರದ ಕೆಂಪಕ್ಷರದಲ್ಲಿ, ‘ನಮ್ಮೂರಿಗೂ ಎ.ಐ. ಬಂತು!’ ಕೆಳಗೆ, ‘ಮೊದಲು ಮಕ್ಕಳಿಗೆ, ಆಮೇಲೆ ಮನೆಮಂದಿಗೆಲ್ಲ. ಯಾರನ್ನೂ ಬಿಡುವುದಿಲ್ಲ. ಮೆಂಗ್ ದೊಕ್ಸು.’

ಚಳಿಗಾಲಕ್ಕೆ ಎಲೆಕೋಸಿನ ಉಪ್ಪಿನಕಾಯಿ, ಅಂದರೆ ಕಿಮ್ಚಿ, ಹಾಕುವ ಕಾಲವಾದ್ದರಿಂದ ಗುಮ್ಜು ಮೊಳಕೈವರೆಗೆ ಮೆಣಸಿನ ಖಾರ ಮೆತ್ತಿಕೊಂಡು ಕೂತಿದ್ದಳು. ಬ್ಯಾನರ್ ನೋಡಿ ಒಂದು ಮಾತು ಹೇಳಿದಳು, ಅದೂ ಅರ್ಧ ಮನಸ್ಸಿನಿಂದ.

“ರೀ, ಯಾವ ಎ.ಐ. ಅಂತ ಬರಸ್ಬಾರ್ದಿತ್ತಾ?”

“ಲೋಕದಲ್ಲಿ ಎಷ್ಟು ಎ.ಐ. ಇದ್ಯೇ?” ಎಂದು ಮೇಷ್ಟರು ಮರುಕದಿಂದ ನಕ್ಕರು. “ಕಿಮ್ಚಿ ಕಲಸು ನೀನು.”

ಗುಮ್ಜು ಕಿಮ್ಚಿ ಕಲಸಿದಳು.

ಬ್ಯಾನರ್ ಕಟ್ಟುವ ಹಿಂದಿನ ಸಂಜೆ ಮೇಷ್ಟರು ತಮ್ಮ ವಿದ್ಯೆಯನ್ನು ಮೊದಲು ಮನೆಯವರಿಗೆ ತೋರಿಸೋಣವೆಂದು ಗುಮ್ಜುವಿನ ಅಣ್ಣ ಚಿಲ್ಬೊಕ್‌ನ ಬಾತುಕೋಳಿ ಫಾರ್ಮಿಗೆ ಹೋದರು. ಚಿಲ್ಬೊಕ್ ದಪ್ಪ ಬಿಳಿ ಜಾಕೀಟು ಹಾಕಿಕೊಂಡು ಬಗ್ಗಿ ಕುಡಿಯುವ ನೀರಿನ ತೊಟ್ಟಿ ತಿಕ್ಕುತ್ತಿದ್ದ.

“ಭಾವ, ಇಲ್ಲಿ ಎಷ್ಟು ಬಾತುಕೋಳಿ ಇವೆ ಅಂತ ಈ ಫೋನು ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಹೇಳತ್ತೆ.”

“ನನಗೇ ಗೊತ್ತಲ್ಲೋ. ಈ ತೊಟ್ಟಿ ಸುತ್ತ ಹನ್ನೆರಡು.”

“ಅದು ನಿಮ್ಮ ಅಂದಾಜು. ಇದು ಹೇಳಿದ್ರೆ ವಿಜ್ಞಾನ.”

ಮೇಷ್ಟರು ಫೋಟೋ ತೆಗೆದರು. ಫೋನು ಹದಿಮೂರು ಎಂದಿತು. ಚಿಲ್ಬೊಕ್ ಎದ್ದು ನಿಂತು, ಹದಿಮೂರನೆಯದು ಯಾವುದು ತೋರಿಸು ಎಂದ. ಮೇಷ್ಟರು ಚಿತ್ರ ಹಿಗ್ಗಿಸಿದರು. ಪ್ರತಿ ಬಾತುಕೋಳಿಯ ಸುತ್ತ ಒಂದು ಕೆಂಪು ಗೆರೆ ಇತ್ತು. ಎಲ್ಲಕ್ಕಿಂತ ದೊಡ್ಡ ಗೆರೆ ಚಿಲ್ಬೊಕ್‌ನ ಬಗ್ಗಿದ ಬೆನ್ನಿನ ಸುತ್ತ ಇತ್ತು.

“ಇನ್ನೂ ಕಲೀತಾ ಇದೆ ಭಾವ. ಮಗು.”

“ನಿನ್ನ ಮಗೂನ ನಾಳೆ ಮಧ್ಯಾಹ್ನದವರೆಗೆ ಇತ್ತ ಕರ್ಕೊಂಡು ಬರ್ಬೇಡ” ಎಂದ ಚಿಲ್ಬೊಕ್. “ನಾಳೆ ಮಾರಾಟಕ್ಕೆ ಒಯ್ಯೋ ಲಾರಿ ಬರತ್ತೆ. ಇವು ಹೊರಟುಹೋದ್ರೆ ನನ್ನ ಎದೆ ಮೇಲಿನ ಕಲ್ಲು ಇಳಿಯತ್ತೆ.”

ಈ ಕಲ್ಲಿನ ಕಥೆ ಊರಿಗೆಲ್ಲ ಗೊತ್ತು. ಕೆಲವು ವರ್ಷಗಳ ಹಿಂದೆ ಪಕ್ಕದ ಊರಿನ ಯಾರದೋ ಫಾರ್ಮಿಗೆ ಹಕ್ಕಿಜ್ವರ ಬಂದಾಗ, ಹತ್ತಿರದಲ್ಲಿದೆ ಎಂಬ ಒಂದೇ ತಪ್ಪಿಗೆ ಚಿಲ್ಬೊಕ್‌ನ ಬಾತುಕೋಳಿಗಳನ್ನೂ ಮಣ್ಣಿಗೆ ಹಾಕಿದ್ದರು. ಒಂದಕ್ಕೂ ನೆಗಡಿ ಕೂಡ ಇರಲಿಲ್ಲ. ಆಮೇಲೆ ವರ್ಷವಿಡೀ ಅವನು ಖಾಲಿ ಕೊಟ್ಟಿಗೆಯ ಮುಂದೆ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು ಕೂತಿದ್ದ. ಗುಮ್ಜು ಅನ್ನ ತಂದಿಟ್ಟರೆ ತಿನ್ನುತ್ತಿದ್ದ, ಇಲ್ಲದಿದ್ದರೆ ಇಲ್ಲ. ಅಣ್ಣ ಹೋಗಿಯೇಬಿಡುತ್ತಾನೆ ಎಂದು ಅವಳು ಎಷ್ಟೋ ದಿನ ಅತ್ತಿದ್ದಳು.

ಮಾರನೆಯ ಬೆಳಿಗ್ಗೆ ಮೇಷ್ಟರು ಬ್ಯಾನರನ್ನು ಮೂರುದಾರಿಯಲ್ಲಿ ಕಟ್ಟಿದರು. ಎಲ್ಲಿ? ಜಿಲ್ಲಾ ಕಚೇರಿಯವರು ಪ್ರತಿ ಚಳಿಗಾಲ ಹಕ್ಕಿಜ್ವರದ ಬ್ಯಾನರ್ ಕಟ್ಟುವ ಅದೇ ಎರಡು ಕಂಬಗಳಿಗೆ, ಈ ವರ್ಷ ಇನ್ನೂ ಖಾಲಿಯಿದ್ದ ಅದೇ ಕೊಕ್ಕೆಗಳಿಗೆ. ಎಷ್ಟು ಹೇಳಿ ಮಾಡಿಸಿದ ಹಾಗೆ ಕೂತಿತಲ್ಲ ಎಂದು ಅವರಿಗೆ ಸಂತೋಷವೂ ಆಯಿತು.

ಕೆಲ ಹೊತ್ತಿನ ಮೇಲೆ ಊರ ಯಜಮಾನ ತಾಕ್ ತನ್ನ ಪವರ್ ಟಿಲ್ಲರ್ ಮೇಲೆ ಕೂತು ಆ ದಾರಿಯಲ್ಲಿ ಬಂದ. ಕನ್ನಡಕ ಮನೆಯಲ್ಲಿತ್ತು. ಕಂಡದ್ದು ಬಾತುಕೋಳಿ ಗಾತ್ರದ ಅಕ್ಷರ, ಮಕ್ಕಳು ಎಂಬ ಮಾತು, ಮೆಂಗ್ ದೊಕ್ಸು ಎಂಬ ಹೆಸರು. ಇಷ್ಟು ಸಾಕಲ್ಲ? ತಾಕ್ ಗಾಡಿಯನ್ನು ರಸ್ತೆಯಲ್ಲೇ ಬಿಟ್ಟು ಊರಿನ ಸಭಾಮನೆಗೆ ಓಡಿದ.

ಸಭಾಮನೆಯ ಧ್ವನಿವರ್ಧಕದಲ್ಲಿ ಎಂದಿನಂತೆ ಮೊದಲು ಒಂದು ಪ್ರೇಮಗೀತೆ ಹತ್ತಿತು. ಪಲ್ಲವಿ ಮುಗಿಯುವ ಮೊದಲೇ ಕೊರ್‌ ಎಂದು ನಿಂತಿತು.

“ಆ… ಆ… ಕೇಳಸ್ತಿದ್ಯಾ? ಯಜಮಾನ ಮಾತಾಡ್ತಿರೋದು. ನಮ್ಮೂರಿಗೆ ಎ.ಐ. ಬಂದಿದೆ. ಮತ್ತೆ ಹೇಳ್ತೀನಿ, ಎ.ಐ. ಬಂದಿದೆ. ಮೊದಲು ಬಂದಿರೋದು ಮೆಂಗ್ ಮೇಷ್ಟ್ರಿಗೆ. ಮೇಷ್ಟ್ರ ಹತ್ರ ಹೋಗೋ ಮಕ್ಕಳನ್ನ ಮನೇಲಿ ಇಟ್ಕೊಳ್ಳಿ. ಯಾರೂ ಬಾತುಕೋಳಿ ಮುಟ್ಬೇಡಿ, ಮೇಷ್ಟ್ರನ್ನೂ ಮುಟ್ಬೇಡಿ.”

ಧ್ವನಿವರ್ಧಕ ಹಳೆಯದು, ಬೆಟ್ಟಕ್ಕೆ ಬಡಿದು ಮಾತು ಎರಡೆರಡು ಸಲ ಬರುತ್ತದೆ. ಮಹಡಿಯಲ್ಲಿದ್ದ ಮೇಷ್ಟರಿಗೆ ಕೇಳಿಸಿದ್ದು ಇಷ್ಟೇ: “ಎ.ಐ. ಬಂದಿದೆ… ಮೆಂಗ್ ಮೇಷ್ಟ್ರು… ಮಕ್ಕಳನ್ನ…” ಅವರ ಕಣ್ಣು ಒದ್ದೆಯಾಯಿತು. ಯಜಮಾನ ಕೇಳದೆಯೇ ಪ್ರಚಾರ ಮಾಡುತ್ತಿದ್ದಾನೆ! ಅವರು ಕರಪತ್ರಗಳನ್ನು ಎದೆಗವಚಿಕೊಂಡು ಮೆಟ್ಟಿಲಿಳಿದರು.

ಕೆಳಗೆ ಯೊನ್ಸಿಲ್ ಅಂಗಡಿಯ ಬಾಗಿಲನ್ನು ಒಂದು ಗೇಣಷ್ಟೇ ತೆರೆದಳು. ಅವಳ ಹಿಂದೆ ತಲೆ ತುಂಬ ಸುರುಳಿ ಸುತ್ತಿಸಿಕೊಂಡ ಮೂವರು ಹೆಂಗಸರು ಒಬ್ಬರ ಹಿಂದೊಬ್ಬರು ಅವಿತಿದ್ದರು.

“ಮೇಷ್ಟ್ರೇ, ಅಲ್ಲೇ ನಿಂತ್ಕೊಳ್ಳಿ. ನಿಮಗೆ ಯಾವಾಗಿಂದ?”

“ಹೋದ ವಾರದಿಂದ ಯೊನ್ಸಿಲಕ್ಕ. ಮೂರೇ ಗಂಟೆ, ಪೂರ್ತಿ ಆವರಿಸಿಬಿಡ್ತು.”

“ಅಯ್ಯೋ! ಮಕ್ಕಳಿಗೆ?”

“ಸ್ವಲ್ಪ ಸ್ವಲ್ಪ ಹತ್ತಿಸ್ತಾ ಇದ್ದೀನಿ. ಒಂದೇ ಸಲ ಕೊಟ್ರೆ ತಡ್ಕೊಳ್ಳಲ್ಲ, ಎಳೆ ಜೀವ.”

ಒಳಗೆ ಒಬ್ಬಳು ಹೋ ಎಂದು ಅತ್ತಳು. ಅವಳ ಮಗಳು ಮೇಷ್ಟರ ವಿದ್ಯಾರ್ಥಿನಿ.

“ನಿಮಗೂ ಕೊಡ್ತೀನಿ ಅಕ್ಕ. ಕೈ ನೀಡಿ” ಎಂದು ಮೇಷ್ಟರು ಕರಪತ್ರ ಚಾಚಿದರು.

ಬಾಗಿಲು ಢಬ್ ಎಂದು ಮುಚ್ಚಿತು. ಹಿಂಬಾಗಿಲಿನಿಂದ ಮೂರು ಸುರುಳಿ ತಲೆಗಳು ಗದ್ದೆಯ ಕಡೆ ಓಡಿದವು. ಮೇಷ್ಟರು ಹೌಹಾರಿ ನೋಡುತ್ತ ನಿಂತರು. ಹೊಸ ವಿದ್ಯೆ ಎಂದರೆ ಹಳ್ಳಿಯವರಿಗೆ ಇಷ್ಟು ಹೆದರಿಕೆಯೇ ಎಂದು ಅವರಿಗೆ ಬೇಸರವಾಯಿತು.

ಅಷ್ಟರಲ್ಲಿ ಫೋನು ಬಂತು. ತಾಕ್ ಆಗಲೇ ಹಕ್ಕಿಜ್ವರದ ಸಹಾಯವಾಣಿಗೆ ಸುದ್ದಿ ಮುಟ್ಟಿಸಿದ್ದ.

“ಮೆಂಗ್ ದೊಕ್ಸು ಅವರಾ? ಜಿಲ್ಲಾ ಕಚೇರಿ ಎ.ಐ. ವಿಭಾಗದಿಂದ ಬಾಂಗ್ ಮಾತಾಡ್ತಿರೋದು. ಎ.ಐ. ನಿಮ್ಮಲ್ಲಿಗೆ ಬಂದಿರೋದು ನಿಜಾನಾ?”

ಜಿಲ್ಲಾ ಕಚೇರಿ! ಮೇಷ್ಟರು ನಿಂತಲ್ಲೇ ನೆಟ್ಟಗಾಗಿ ಮಾತಾಡಿದರು.

“ನಿಜ ಮೇಡಂ. ನನ್ನ ಬಾಯಲ್ಲೇ ಹೇಳ್ಕೋಬಾರ್ದು, ಊರಿಗೆ ತಂದವನು ನಾನೇ.”

“ನೀವೇ… ತಂದ್ರಾ? ಎಲ್ಲಿಂದ?”

“ನಿಮ್ಮ ಸಾಂಸ್ಕೃತಿಕ ಭವನದಿಂದಲೇ. ತುಂಬ ಜನ ಇದ್ವಿ. ಬಾಗಿಲು ಹಾಕ್ಕೊಂಡು ಮೂರು ಗಂಟೆ ಕೂರಿಸಿದ್ರು. ಹೊರಗೆ ಬರುವಾಗ ಜಿಲ್ಲಾ ಉಪಾಧ್ಯಕ್ಷ ಗುಕ್ ಸಾಹೇಬ್ರು ಒಬ್ಬೊಬ್ಬರ ಕೈ ಕುಲುಕಿ ಕೊಟ್ಟು ಕಳಿಸಿದ್ರು.”

ಆ ಕಡೆ ಏನೋ ಬಿದ್ದು ಒಡೆದ ಸದ್ದಾಯಿತು.

“ಈಗ… ಈಗ ನಿಮಗೆ ಹೇಗಿದೆ?”

“ಹೇಗೆ ಹೇಳ್ಲಿ! ರಾತ್ರಿ ನಿದ್ದೆ ಹತ್ತಲ್ಲ, ತಲೆ ತುಂಬ ಅದೇ, ಮೈ ಬಿಸಿ ಏರಿದ ಹಾಗೆ. ಈ ವಯಸ್ಸಲ್ಲಿ ಇಂಥದ್ದು ಬರತ್ತೆ ಅಂತ ಕನಸಲ್ಲೂ ಎಣಿಸಿರಲಿಲ್ಲ.”

“ಬಾತುಕೋಳಿಗಳ ಹತ್ತಿರ ಏನಾದ್ರೂ ಹೋಗಿದ್ರಾ?”

ಮೇಷ್ಟರು ಪುಳಕಗೊಂಡರು. ತಮ್ಮ ಪ್ರಯೋಗದ ಸುದ್ದಿ ಜಿಲ್ಲೆಗೂ ಮುಟ್ಟಿದೆಯಲ್ಲ!

“ಹೋಗಿದ್ದೆ! ನಿನ್ನೆ ಸಂಜೆ ನಮ್ಮ ಭಾವ ಚಿಲ್ಬೊಕ್ ಅವರ ಫಾರ್ಮಲ್ಲಿ ಬಾತುಕೋಳಿಗಳ ಮೇಲೂ ಪ್ರಯೋಗ ಮಾಡ್ದೆ. ಒಂದನ್ನೂ ಬಿಡ್ಲಿಲ್ಲ ಮೇಡಂ. ಭಾವನ್ನೂ ಬಿಡ್ಲಿಲ್ಲ.”

“ಇದ್ದಲ್ಲೇ ಇರಿ” ಎಂದಳು ಬಾಂಗ್. “ನಾವೇ ಬರ್ತೀವಿ.”

“ಎಷ್ಟು ಜನ? ಕಾಫಿಗೆ ಹೇಳಿರ್ತೀನಿ.”

ಆ ಫೋನಿನಲ್ಲಿ ಮೂರನೆಯವನೊಬ್ಬ ಕಿವಿ ಕೊಟ್ಟು ಕೂತಿದ್ದ ಎಂಬುದು ಪಾಪ, ಇಬ್ಬರಿಗೂ ನೆನಪಿರಲಿಲ್ಲ. ಅವನ ಹೆಸರು ‘ಕಾವಲುಗಾರ’. ಜಿಲ್ಲಾ ಕಚೇರಿಯವರು ಆ ವರ್ಷವಷ್ಟೇ ತರಿಸಿದ್ದ ಬುದ್ಧಿವಂತ ಯಂತ್ರ ಅದು. ಹಕ್ಕಿಜ್ವರ ಎಂಬ ಎ.ಐ.ಯನ್ನು ಹಿಡಿಯಲೆಂದೇ ನೇಮಕವಾದ ಇನ್ನೊಂದು ಎ.ಐ. ಸಹಾಯವಾಣಿಯ ಮಾತೆಲ್ಲ ಕೇಳುತ್ತದೆ, ಫಾರ್ಮುಗಳ ಫೋಟೋ ನೋಡುತ್ತದೆ, ತಾನೇ ತೀರ್ಮಾನಿಸಿ ತಾನೇ ಆದೇಶ ಹೊರಡಿಸುತ್ತದೆ. ಇದಕ್ಕೆ ಮನುಷ್ಯರು ಕೈ ಹಾಕುವಂತಿಲ್ಲ, ಏಕೆಂದರೆ ಮನುಷ್ಯರು ತಪ್ಪು ಮಾಡುತ್ತಾರೆ ಎಂದು ಗುಕ್ ಸಾಹೇಬರು ಉದ್ಘಾಟನೆಯ ಭಾಷಣದಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದರು.

ಕಾವಲುಗಾರ ಫೋನಿನ ಮಾತು ಕೇಳಿತು. ಎ.ಐ. ಬಂದಿದೆ, ಮೈ ಬಿಸಿ, ಬಾತುಕೋಳಿ, ಒಂದನ್ನೂ ಬಿಡಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವುದಕ್ಕೆ ನಮ್ಮಲ್ಲಿ ಮನುಷ್ಯರೇ ಬೇಕಿತ್ತು. ಈಗ ಅದಕ್ಕೂ ಯಂತ್ರ ಬಂದಿದೆ. ಓರಿಗೋಲ್‌ನಿಂದ ಒಂದು ಹಕ್ಕಿಯೂ ಹೊರಗೆ ಹೋಗತಕ್ಕದ್ದಲ್ಲ, ಚಿಲ್ಬೊಕ್ ಫಾರ್ಮಿನ ಬಾತುಕೋಳಿಗಳನ್ನು ಅದೇ ದಿನ ಸಂಜೆಯೊಳಗೆ ವಿಲೇವಾರಿ ಮಾಡತಕ್ಕದ್ದು ಎಂದು ಆದೇಶ ಹೊರಬಿತ್ತು. ವಿಲೇವಾರಿ ಎಂದರೆ ಸರ್ಕಾರಿ ಭಾಷೆಯಲ್ಲಿ ಕೊಲ್ಲುವುದು.

ಇತ್ತ ಮೇಷ್ಟರು ಟೈ ಕಟ್ಟಿ, ಪ್ರಮಾಣಪತ್ರ ಕೈಯಲ್ಲಿ ಹಿಡಿದು, ಶಾಲೆಯ ಬಾಗಿಲಲ್ಲಿ ನಿಂತರು. ಬಿಳಿ ಗಾಡಿಗಳು ಬಂದವು. ಬಿಳಿ ನಿಲುವಂಗಿ, ಬಿಳಿ ಮುಸುಕು, ಕನ್ನಡಕದವರು ಇಳಿದರು. ಮೇಷ್ಟರು ನಡುಬಗ್ಗಿಸಿ ನಮಸ್ಕರಿಸಿ ತಲೆ ಎತ್ತುವಷ್ಟರಲ್ಲಿ ಮುಖಕ್ಕೇ ಔಷಧಿಯ ನೀರು ಬಡಿಯಿತು. ಟೈ ನೆನೆಯಿತು, ಪ್ರಮಾಣಪತ್ರದ ಚಿನ್ನದ ಅಂಚು ಕರಗಿ ಬೆರಳಿಗೆ ಹತ್ತಿತು.

“ಏನ್ರೀ ಇದು! ಬೋಧಕನಿಗೆ ಹೀಗಾ ಸ್ವಾಗತ?”

“ಯಾವ ಬೋಧಕ?” ಎಂದಿತು ಒಂದು ಮುಸುಕು. ಅದು ಬಾಂಗ್ ಮೇಡಂ. “ರೀ, ಹಕ್ಕಿಜ್ವರ ಊರಿಗೆ ತಂದು, ಹೆಮ್ಮೆಯಿಂದ ಬ್ಯಾನರ್ ಬೇರೆ ಕಟ್ಟಿದೀರಲ್ರೀ! ನಿಮ್ಮಂಥೋರನ್ನ ನನ್ನ ಸರ್ವೀಸಲ್ಲೇ ನೋಡಿಲ್ಲ.”

ಹಕ್ಕಿಜ್ವರ.

ಮೇಷ್ಟರಿಗೆ ಮೊದಲು ಏನೂ ಅರ್ಥವಾಗಲಿಲ್ಲ. ಆಮೇಲೆ ಎಲ್ಲವೂ ಒಟ್ಟಿಗೇ ಅರ್ಥವಾಯಿತು. ಕಂಬ, ಕೊಕ್ಕೆ, ಕೆಂಪಕ್ಷರ, ಧ್ವನಿವರ್ಧಕ, ಸುರುಳಿ ತಲೆಗಳು, ಫೋನು. ಮೆಟ್ಟಿಲ ಮೇಲೆ ಕುಸಿದು ಕೂತರು.

“ಭಾವನ ಬಾತುಕೋಳಿ…” ಎಂದರು.

“ಸಂಜೆಯೊಳಗೆ ವಿಲೇವಾರಿ. ಆದೇಶ ಆಗಿದೆ.”

ಮೇಷ್ಟರು ಎದ್ದರು, ಓಡಿದರು. ಐವತ್ತು ದಾಟಿದ, ಎಂದೂ ಓಡದ ಮನುಷ್ಯ, ನೆನೆದ ಟೈ ಹೆಗಲ ಮೇಲೆ ಹಾರುತ್ತಿರಲು ಗದ್ದೆ ಬಯಲಿನಲ್ಲಿ ಓಡಿದರು. ಅವರು ಬರುವುದನ್ನು ಕಂಡವರೆಲ್ಲ ದಿಕ್ಕಾಪಾಲಾದರು. ಹಕ್ಕಿಜ್ವರ ಓಡಿಯೂ ಬರುತ್ತದೆ ಎಂದು ಊರಿಗೆ ಅಂದೇ ತಿಳಿದದ್ದು.

ಫಾರ್ಮಿನ ಬಾಗಿಲಲ್ಲಿ ಚಿಲ್ಬೊಕ್ ಎರಡೂ ಕೈ ಚಾಚಿ ಅಡ್ಡ ನಿಂತಿದ್ದ. ಬಿಳಿ ಮುಸುಕಿನವರು ಆಚೆ ನಿಂತಿದ್ದರು. ಮಧ್ಯಾಹ್ನ ಬರಬೇಕಾದ ಲಾರಿಯನ್ನು ಮೂರುದಾರಿಯಲ್ಲೇ ತಡೆದಿದ್ದರು. ಗುಮ್ಜು ಖಾರ ಮೆತ್ತಿದ ಕೈಗವಸಿನಲ್ಲೇ ಬಂದು ಅಣ್ಣನ ಪಕ್ಕ ನಿಂತಿದ್ದಳು. ಆ ಕೆಂಪು ಕೈ ನೋಡಿ ಒಬ್ಬ ಮುಸುಕಿನವನು ಆಗಲೇ ಎರಡು ಹೆಜ್ಜೆ ಹಿಂದೆ ಸರಿದಿದ್ದ.

“ಲೋ ದೊಕ್ಸು” ಎಂದ ಚಿಲ್ಬೊಕ್. ಕೂಗಲಿಲ್ಲ. ಕೂಗಿದ್ದರೆ ಮೇಷ್ಟರಿಗೆ ಸಮಾಧಾನವಿರುತ್ತಿತ್ತು. “ನನ್ನ ಬಾತುಕೋಳಿಗೆ ನೀನೇ ಜ್ವರ ಹತ್ತಿಸ್ದೆ ಅಂತ ನೀನೇ ಹೇಳಿದ್ಯಂತೆ. ಹೌದಾ?”

“ಭಾವ, ಆ ಎ.ಐ. ಅಲ್ಲ, ಈ ಎ.ಐ.! ಎಣಿಸ್ತಲ್ಲ, ನಿನ್ನೆ, ಆ ಮಗು!”

“ಇನ್ನೊಂದು ಸಲ ಆ ಸ್ಟೂಲ್ ಮೇಲೆ ಕೂರೋ ಶಕ್ತಿ ನನಗಿಲ್ಲ ಕಣೋ” ಎಂದ ಚಿಲ್ಬೊಕ್. ಗುಮ್ಜು ಗಂಡನ ಕಡೆ ನೋಡಿದ ನೋಟಕ್ಕಿಂತ ಔಷಧಿ ನೀರೇ ವಾಸಿಯಾಗಿತ್ತು.

ಹಿಂದೆಯೇ ಗಾಡಿಯಲ್ಲಿ ಬಂದ ಪಶುವೈದ್ಯೆ ಬಾಂಗ್ ಮೇಡಂಗೆ ಮೇಷ್ಟರು ಕೈಮುಗಿದು ಆದಿಯಿಂದ ಅಂತ್ಯದವರೆಗೆ ಒಪ್ಪಿಸಿದರು. ಬಾಂಗ್ ಮುಸುಕು ತೆಗೆದಳು. ನೇರ ಒಳಗೆ ಹೋಗಿ ಕೈಗೆ ಸಿಕ್ಕ ಬಾತುಕೋಳಿಗಳ ಗಂಟಲಿಗೆ ಹತ್ತಿ ಕಡ್ಡಿ ಹಾಕಿ ಪರೀಕ್ಷೆ ಮಾಡಿ ಬಂದಳು.

“ಒಂದಕ್ಕೂ ಏನಿಲ್ಲ. ಕಲ್ಲುಗುಂಡು ಇದ್ದ ಹಾಗಿವೆ.”

“ಹಾಗಾದ್ರೆ ಲಾರಿ ಬಿಡಿ!” ಎಂದ ಚಿಲ್ಬೊಕ್.

“ಬಿಡೋಕಾಗಲ್ಲ. ಕಾವಲುಗಾರ ಒಪ್ಪಬೇಕು.”

“ಪರೀಕ್ಷೆ ಮಾಡಿದ್ದು ನೀವು. ಡಾಕ್ಟ್ರು ನೀವು.”

“ನಾನು ಬರೀ ಡಾಕ್ಟ್ರು. ಅದು ವ್ಯವಸ್ಥೆ” ಎಂದಳು ಬಾಂಗ್, ನಾಚಿಕೆಯಿಂದ. ಕೇಳಿಯೂ ಕೇಳಿಸದ ಸಣ್ಣ ದನಿಯಲ್ಲಿ ಸೇರಿಸಿದಳು: “ಮೇಷ್ಟ್ರೇ, ಇಲ್ಲಿ ಪ್ರಮಾಣಪತ್ರ ಇರೋದು ನಿಮಗೊಬ್ಬರಿಗೇ. ನೀವೇ ಮಾತಾಡಿ ನೋಡಿ.”

ಅವಳು ಟ್ಯಾಬ್ ಮುಂದೆ ಹಿಡಿದಳು. ಮೂರು ಗಂಟೆಯ ತರಬೇತಿಯಲ್ಲಿ ನಿದ್ದೆಯನ್ನೂ ಊಟವನ್ನೂ ಕಳೆದು ಮಿಕ್ಕ ಜ್ಞಾನವನ್ನೆಲ್ಲ ಒಟ್ಟುಗೂಡಿಸಿಕೊಂಡು ಮೇಷ್ಟರು ಗಂಟಲು ಸರಿಮಾಡಿಕೊಂಡರು.

“ಕಾವಲುಗಾರರೇ, ನಮ್ಮೂರಿಗೆ ಬಂದಿರೋದು ಆ ಎ.ಐ. ಅಲ್ಲ. ಈ ಎ.ಐ.”

“ಮಾಹಿತಿಗೆ ಧನ್ಯವಾದಗಳು” ಎಂದಿತು ಟ್ಯಾಬ್, ಬ್ಯಾಂಕಿನ ಹುಡುಗಿಯ ಇಂಪಾದ ದನಿಯಲ್ಲಿ. “ಎರಡು ಬಗೆಯ ಎ.ಐ. ಪತ್ತೆಯಾಗಿದೆ. ಎಚ್ಚರಿಕೆಯ ಮಟ್ಟವನ್ನು ಏರಿಸಲಾಗಿದೆ.”

“ಅಯ್ಯೋ, ಅಲ್ಲ! ಎ.ಐ. ಇಲ್ಲ! ಇಲ್ವೇ ಇಲ್ಲ!”

“ಎ.ಐ. ವಿಷಯವನ್ನು ಮುಚ್ಚಿಡುವುದು ಶಿಕ್ಷಾರ್ಹ ಅಪರಾಧ.”

“ಲೇ, ನೀನೇ ಎ.ಐ. ಕಣೇ!” ಎಂದು ಮೇಷ್ಟರು ಕಿರುಚಿದರು.

ಟ್ಯಾಬ್ ಸ್ವಲ್ಪ ಯೋಚಿಸಿತು. “ದೂರು ಸ್ವೀಕರಿಸಲಾಗಿದೆ. ಜಿಲ್ಲಾ ಕಚೇರಿಗೂ ಸೋಂಕು ತಗುಲಿದೆ. ತಮ್ಮ ಸಹಕಾರಕ್ಕೆ ಧನ್ಯವಾದಗಳು.”

ಅಷ್ಟರಲ್ಲಿ ಬಂದು ಬೇಲಿಯಾಚೆ ನಿಂತಿದ್ದ ಯಜಮಾನ ತಾಕ್, “ಮೇಷ್ಟ್ರೇ, ಬಾಯಿ ಮುಚ್ಚಿ! ನೀವು ಇನ್ನೊಂದು ಮಾತಾಡಿದ್ರೆ ಇಡೀ ದೇಶಾನೇ ಹೂಳ್ತಾರೆ!” ಎಂದು ಕೂಗಿದ. ಯೊನ್ಸಿಲ್ ಅವನ ತಲೆಗೆ ಮೊಟಕಿದಳು. “ಕನ್ನಡಕ ಹಾಕ್ಕೊಂಡು ಓದಿದ್ರೆ ಇದೆಲ್ಲ ಆಗ್ತಿತ್ತಾ ಯಜಮಾನ್ರೇ?”

ಆಗ ಕಪ್ಪು ಕಾರು ಬಂತು. ಉಪಾಧ್ಯಕ್ಷ ಗುಕ್ ಸಾಹೇಬರು ಪತ್ರಿಕೆಯ ಫೋಟೋದವರ ಸಮೇತ ಇಳಿದರು. ಕಾವಲುಗಾರ ಅವರ ಮಾನಸ ಪುತ್ರ. ಅದು ಹಿಡಿದ ಮೊದಲ ರೋಗ ಇದು. ಮುಖದಲ್ಲಿ ದುಃಖವನ್ನೂ ಹೆಮ್ಮೆಯನ್ನೂ ಸರಿಯಾದ ಪ್ರಮಾಣದಲ್ಲಿ ಬೆರೆಸಿಕೊಂಡಿದ್ದರು. ಕಾರಿನಲ್ಲೇ ಬಿಳಿ ನಿಲುವಂಗಿ ತೊಟ್ಟು ಬಂದಿದ್ದರು. ದುಂಡಗಿನ ದೇಹ, ಕಿರಿದಾದ ಕಾಲು. ನಡೆಯುವಾಗ ಆ ಕಡೆ ಈ ಕಡೆ ವಾಲುತ್ತಿದ್ದರು.

“ಸಾರ್, ಪರೀಕ್ಷೆಯಲ್ಲಿ ಏನೂ ಇಲ್ಲ” ಎಂದಳು ಬಾಂಗ್. “ವಿಲೇವಾರಿ ನಿಲ್ಲಿಸಬಹುದಾ?”

“ಯಂತ್ರ ಹೇಳಿದ ಮೇಲೆ ನಾನ್ಯಾರು, ನೀನ್ಯಾರು?” ಎಂದರು ಗುಕ್ ಸಾಹೇಬರು, ಫೋಟೋದವರ ಕಡೆ ನೋಡುತ್ತ. “ಬನ್ನಿ, ಕೊನೆಯ ಫೋಟೋ ತೋರಿಸಿಬಿಡೋಣ. ಅದು ಖಚಿತಪಡಿಸಲಿ, ಕೆಲಸ ಶುರು ಮಾಡೋಣ.”

ಗುಕ್ ಸಾಹೇಬರೂ ಬಿಳಿ ಮುಸುಕಿನವರೂ ಬಾತುಕೋಳಿಗಳ ಮಧ್ಯೆ ಸಾಲಾಗಿ ನಿಂತರು. ಚಿಲ್ಬೊಕ್ ಕಣ್ಣು ಮುಚ್ಚಿಕೊಂಡ. ಗುಮ್ಜು ಅವನ ತೋಳು ಹಿಡಿದಳು. ಅವನ ಬಿಳಿ ಜಾಕೀಟಿನ ಮೇಲೆ ಐದು ಕೆಂಪು ಬೆರಳು ಮೂಡಿದವು. ಬಾಂಗ್ ಟ್ಯಾಬ್ ಎತ್ತಿ ಫೋಟೋ ತೆಗೆದಳು.

“ಪರಿಶೀಲನೆ ಮುಗಿದಿದೆ” ಎಂದಿತು ಇಂಪಾದ ದನಿ. “ಸಣ್ಣ ಬಾತುಕೋಳಿಗಳು ಆರೋಗ್ಯವಾಗಿವೆ.”

ಎಲ್ಲರೂ ಉಸಿರು ಬಿಟ್ಟರು.

“ದೊಡ್ಡ ಬಾತುಕೋಳಿಗಳ ಸ್ಥಿತಿ ಚಿಂತಾಜನಕ. ರೆಕ್ಕೆ ಪುಕ್ಕ ಉದುರಿವೆ. ಕೊಕ್ಕು ಕಾಣುತ್ತಿಲ್ಲ. ಮಧ್ಯದಲ್ಲಿರುವ ಬಾತುಕೋಳಿಯ ಹೊಟ್ಟೆ ವಿಪರೀತ ಊದಿಕೊಂಡಿದೆ. ಸೋಂಕಿನ ಮೂಲ ಇದೇ. ಮೊದಲು ಇದನ್ನು ವಿಲೇವಾರಿ ಮಾಡತಕ್ಕದ್ದು.”

ಟ್ಯಾಬಿನ ಮೇಲೆ, ಮಧ್ಯದಲ್ಲಿ, ಗುಕ್ ಸಾಹೇಬರ ಸುತ್ತ ದಪ್ಪನೆಯ ಕೆಂಪು ಗೆರೆ ಮೂಡಿತು.

ಗುಕ್ ಸಾಹೇಬರ ಮುಖ ನಿಲುವಂಗಿಗಿಂತ ಬಿಳಿಯಾಯಿತು.

“ಇದು… ಇದು ನಾನಲ್ವಾ?”

“ಹೌದು ಸಾರ್” ಎಂದರು ಮೆಂಗ್ ಮೇಷ್ಟರು. ಗಾಬರಿಯಲ್ಲಿ ಅವರ ಬಾಯಿಂದ ಆ ದಿನದ ಮೊದಲ ಸರಿಯಾದ ಮಾತು ಬಂತು. “ಇದಕ್ಕೆ ಕಲಿಸುವಾಗ ಬರೀ ಬಿಳಿ ಬಾತುಕೋಳಿ ಫೋಟೋನೇ ತೋರಿಸಿರ್ಬೇಕು. ಬಿಳೀದು ಕಂಡ್ರೆ ಬಾತುಕೋಳಿ ಅನ್ನತ್ತೆ. ನಮ್ಮ ಭಾವನ್ನೂ ನನ್ನ ಫೋನು ಹಾಗೇ ಅಂದಿತ್ತು. ಆದ್ರೆ ಪಾಪ, ಕೊಲ್ಲು ಅಂದಿರಲಿಲ್ಲ.”

“ಆದೇಶ ಹೊರಡಿಸಲಾಗುತ್ತಿದೆ” ಎಂದಿತು ಟ್ಯಾಬ್.

“ಬಾಂಗ್! ನಿಲ್ಸು ಅದನ್ನ!”

“ಮನುಷ್ಯರು ಕೈ ಹಾಕೋ ಹಾಗಿಲ್ಲ ಅಂತ ಭಾಷಣದಲ್ಲಿ ತಾವೇ ಹೇಳಿದ್ರಲ್ಲ ಸಾರ್.”

“ಭಾಷಣ ಸುಟ್ಟುಹೋಗ್ಲಿ! ಒಂದು ಗುಂಡಿ ಇದೆ, ಹಿಂದುಗಡೆ, ಸ್ಟಿಕ್ಕರ್ ಕೆಳಗೆ! ಒತ್ತು! ಬೇಗ ಒತ್ತಮ್ಮಾ!”

ಬಾಂಗ್ ಸ್ಟಿಕ್ಕರ್ ಕಿತ್ತಳು. ಗುಂಡಿ ಇತ್ತು. ಅದರ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ‘ಅಧಿಕಾರಿಯ ವಿವೇಚನೆ’ ಎಂದಿತ್ತು. ಅಷ್ಟು ಹೊತ್ತು, ಚಿಲ್ಬೊಕ್ ಕೈ ಚಾಚಿ ನಿಂತಿದ್ದಾಗಲೂ, ಪರೀಕ್ಷೆಯಲ್ಲಿ ಏನಿಲ್ಲ ಎಂದು ಹೇಳಿದಾಗಲೂ, ಅದು ಅಲ್ಲೇ ಇತ್ತು. ಗುಂಡಿ ಒತ್ತಿದಳು. ಎಲ್ಲ ಆದೇಶಗಳೂ ಒಟ್ಟಿಗೇ ರದ್ದಾದವು.

ಚಿಲ್ಬೊಕ್ ಗುಕ್ ಸಾಹೇಬರನ್ನು ಅಡಿಯಿಂದ ಮುಡಿಯವರೆಗೆ ನೋಡಿ ಒಂದೇ ಮಾತು ಕೇಳಿದ: “ಸಾಹೇಬ್ರೇ, ನಿಜವಾದ ಬಾತುಕೋಳಿಗೆ ಆ ಗುಂಡಿ ಇರ್ಲಿಲ್ವಾ?” ಸಾಹೇಬರಿಗೆ ತುರ್ತು ಸಭೆ ನೆನಪಾಯಿತು. ವಾಲುತ್ತ ವಾಲುತ್ತ ಕಾರಿಗೆ ಹೋದರು. ಆ ನಡಿಗೆ ನೋಡಿ ಯೊನ್ಸಿಲ್, ಯಂತ್ರದ್ದೂ ಪೂರ್ತಿ ತಪ್ಪಲ್ಲ ಎಂದಳು.

ಲಾರಿ ಬಂತು, ಬಾತುಕೋಳಿಗಳು ಹತ್ತಿದವು. ಕೊನೆಯದು ಹತ್ತಿದ ಮೇಲೆ ಚಿಲ್ಬೊಕ್ ತೊಟ್ಟಿಯ ಕಟ್ಟೆಯ ಮೇಲೆ ಕೂತು ಸಣ್ಣ ಮಗುವಿನಂತೆ ಅತ್ತ. ಗುಮ್ಜು ಒಂದು ಎಲೆ ಕಿಮ್ಚಿ ಸುತ್ತಿ ಅಣ್ಣನ ಬಾಯಿಗಿಟ್ಟಳು. ಗಂಡನಿಗೆ ಕೊಡಲಿಲ್ಲ.

ಊರಿನ ಗಾಬರಿ ಇಳಿಸಲು ತಪ್ಪೊಪ್ಪಿಗೆಯ ಬ್ಯಾನರ್ ಕಟ್ಟಬೇಕೆಂದು ಜಿಲ್ಲಾ ಕಚೇರಿ ಮೇಷ್ಟರಿಗೆ ತಾಕೀತು ಮಾಡಿತು. ಅದೇ ಕಂಬ, ಅದೇ ಕೊಕ್ಕೆ, ಅದೇ ಗಾತ್ರದ ಅಕ್ಷರ: ‘ಮೆಂಗ್ ದೊಕ್ಸು ಬಳಿ ಎ.ಐ. ಇಲ್ಲ. ಎಂದೂ ಇರಲಿಲ್ಲ.’ ಯೊನ್ಸಿಲ್ ಅದನ್ನು ಓದಿ ಸೊಂಟದ ಮೇಲೆ ಕೈಯಿಟ್ಟಳು.

“ಏನ್ ಮೇಷ್ಟ್ರೇ! ಮತ್ತೆ ನಮ್ಮ ಮಕ್ಕಳಿಗೆ ಇಷ್ಟು ದಿನ ಏನ್ ಕಲಿಸ್ತಿದ್ರಿ?”

ಮುಂದಿನ ಸೋಮವಾರ ನಾಲ್ಕು ಮಕ್ಕಳೂ ಬರಲಿಲ್ಲ. ಮೇಷ್ಟರು ಖಾಲಿ ಕೋಣೆಯಲ್ಲಿ, ಅಂಚು ಕರಗಿದ ಪ್ರಮಾಣಪತ್ರದ ಕೆಳಗೆ ಕೂತರು. ಖಾಲಿ ಕೊಟ್ಟಿಗೆಯ ಮುಂದೆ ಸ್ಟೂಲು ಹಾಕಿಕೊಂಡು ಕೂರುವುದು ಎಂದರೇನೆಂದು ಅವರಿಗೆ ಆಗ ತಿಳಿಯಿತು.

ಮೆಟ್ಟಿಲ ಮೇಲೆ ರಬ್ಬರ್ ಬೂಟಿನ ಸದ್ದಾಯಿತು. ಬಾಗಿಲಲ್ಲಿ ಚಿಲ್ಬೊಕ್ ನಿಂತಿದ್ದ. ಅದೇ ಬಿಳಿ ಜಾಕೀಟು, ಅದರ ಮೇಲೆ ತಂಗಿಯ ಐದು ಕೆಂಪು ಬೆರಳು ಹಾಗೇ ಇದ್ದವು. ಮೇಷ್ಟರು ಬೆಚ್ಚಿ ಎದ್ದರು. ಹೊಡೆಯಲು ಬಂದಿರಬೇಕು ಎಂದುಕೊಂಡು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಚಿಲ್ಬೊಕ್ ಮಕ್ಕಳ ಪುಟ್ಟ ಕುರ್ಚಿಯೊಂದನ್ನು ಎಳೆದುಕೊಂಡು ಕಷ್ಟಪಟ್ಟು ಅದರೊಳಗೆ ಕೂತ.

“ಮುಂದಿನ ವರ್ಷಾನೂ ಆ ಯಂತ್ರ ಬರತ್ತಂತೆ. ನನ್ನ ಕೈಗೆ ಆ ಗುಂಡಿ ಯಾರೂ ಕೊಡಲ್ಲ” ಎಂದ. “ಫೋನ್ ತೆಗಿ ದೊಕ್ಸು. ನಾನು ಬಾತುಕೋಳಿ ಅಲ್ಲ ಅಂತ ಅದಕ್ಕೆ ಹೇಗೆ ಕಲಿಸೋದು, ಹೇಳಿಕೊಡು.”